ಅನುದಾನವೂ ನ್ಯಾಯವೂ: ಅಮೆರಿಕದಲ್ಲಿ ಸ್ತ್ರೀಹಿಂಸೆಯ ವಿರುದ್ಧ ಸರ್ಕಾರದ ಧನಸಹಾಯದ ಚರಿತ್ರೆ

ನ್ಯಾಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಬಗೆಯ ಆಧಾರಗಳನ್ನು ಅವಲಂಬಿಸುತ್ತಾರೆ. ಶಾಸನಸಭೆಗಳು ಮಾಡಿದ ಕಾಯಿದೆ ಒಂದು. ನ್ಯಾಯಾಲಯಗಳು ಕೊಟ್ಟ ತೀರ್ಪು ಇನ್ನೊಂದು. ಇವೆರಡರ ಜೊತೆಗೆ ಅಷ್ಟಾಗಿ ಗಮನಕ್ಕೆ ಬಾರದ ಮೂರನೆಯದೊಂದು ಆಧಾರವಿದೆ. ಅದು ಸರ್ಕಾರದ ಲೆಕ್ಕದ ಪುಸ್ತಕ. ಯಾವ ಕೆಲಸಕ್ಕೆ, ಯಾರ ಕೈಗೆ, ಯಾವ ಕಟ್ಟುಪಾಡಿನ ಮೇಲೆ ಹಣ ಹೋಯಿತೆಂಬುದನ್ನು ಪರಿಶೀಲಿಸಿದರೆ, ಒಂದು ಪ್ರಭುತ್ವವು ಒಂದು ಅನ್ಯಾಯವನ್ನು ಎಷ್ಟರಮಟ್ಟಿಗೆ ತನ್ನ ಹೊಣೆಯೆಂದು ಬಗೆದಿತ್ತೆಂಬುದು ವಿಶದವಾಗುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯೊಳಗಿನ ಹಿಂಸೆ ಮತ್ತು ಬಲಾತ್ಕಾರದ ವಿಷಯದಲ್ಲಿ ಪೊಲೀಸರು, ಸರ್ಕಾರಿ ಅಭಿಯೋಜಕರು, ನ್ಯಾಯಾಧೀಶರು ನಡೆದುಕೊಳ್ಳುವ ರೀತಿಯನ್ನು ತಿದ್ದುವುದಕ್ಕಾಗಿ ಕೇಂದ್ರ ಸರ್ಕಾರವು ಕೊಟ್ಟ ಅನುದಾನಗಳ ಚರಿತ್ರೆ ಇಂಥ ಅಧ್ಯಯನಕ್ಕೆ ತಕ್ಕ ನಿದರ್ಶನವಾಗಿದೆ. ಆ ದೇಶದಲ್ಲಿ ಪೊಲೀಸು ಕೇಂದ್ರದ ಅಧೀನವಲ್ಲ. ನಮ್ಮಲ್ಲಿರುವಂತೆ ಬಹುಮಟ್ಟಿಗೆ ರಾಜ್ಯದ ಅಧೀನವೂ ಅಲ್ಲ. ಊರೂರಿಗೆ, ಕೌಂಟಿ ಕೌಂಟಿಗೆ ಬೇರೆ ಬೇರೆ ಪಡೆಗಳು. ಇವುಗಳ ಸಂಖ್ಯೆ ಹದಿನೇಳು ಸಾವಿರಕ್ಕೂ ಮಿಕ್ಕಿದೆ. ಅಭಿಯೋಜಕರಲ್ಲಿ ಬಹುಮಂದಿ ಆಯಾ ಸ್ಥಳದ ಮತದಾರರಿಂದ ಚುನಾಯಿತರಾದವರು. ವಾಷಿಂಗ್ಟನ್ನಿನಲ್ಲಿ ಕುಳಿತ ಸರ್ಕಾರವು ಇವರಿಗೆ ‘ಹೀಗೆ ಮಾಡಿ’ ಎಂದು ಆಜ್ಞಾಪಿಸಲಾರದು. ‘ಹೀಗೆ ಮಾಡಿದರೆ ಹಣ ಕೊಡುತ್ತೇವೆ’ ಎಂದು ಹೇಳಬಹುದು, ಅಷ್ಟೆ. ಆಜ್ಞೆಯಿಂದಾಗದ ಕೆಲಸವನ್ನು ಹಣದಿಂದ ಸಾಧಿಸಹೊರಟ ಈ ಪ್ರಯತ್ನ ಎಷ್ಟು ಫಲಿಸಿತು, ಎಲ್ಲಿ ನಿಂತುಹೋಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧

ಹೆಂಡತಿಯನ್ನು ಹೊಡೆಯುವುದು ಅಮೆರಿಕದ ಕಾನೂನಿನಲ್ಲಿ ಎಂದೂ ನಿರ್ವಿವಾದವಾದ ಹಕ್ಕಾಗಿರಲಿಲ್ಲ. ೧೬೪೧ರಷ್ಟು ಹಿಂದೆಯೇ ಮ್ಯಾಸಚೂಸೆಟ್ಸ್ ವಸಾಹತಿನ ಸಂಹಿತೆಯು, ಆತ್ಮರಕ್ಷಣೆಯ ಸಂದರ್ಭವೊಂದನ್ನು ಬಿಟ್ಟು, ಗಂಡನು ಹೆಂಡತಿಯನ್ನು ದಂಡಿಸಕೂಡದೆಂದು ವಿಧಿಸಿತ್ತು. ೧೮೭೧ರಲ್ಲಿ ಅಲಬಾಮದ ಶ್ರೇಷ್ಠ ನ್ಯಾಯಾಲಯವು ಇಂಥ ಹಕ್ಕನ್ನು ಸ್ಪಷ್ಟವಾಗಿ ನಿರಾಕರಿಸಿತು. ೧೮೭೪ರಲ್ಲಿ ಉತ್ತರ ಕ್ಯಾರೊಲೈನದ ಶ್ರೇಷ್ಠ ನ್ಯಾಯಾಲಯವೂ ಅದೇ ಮಾತನ್ನು ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತನ್ನೂ ಸೇರಿಸಿತು: ಶಾಶ್ವತವಾದ ಗಾಯವಾಗಲಿ ಕ್ರೌರ್ಯವಾಗಲಿ ಕಾಣದಿದ್ದಲ್ಲಿ, ನ್ಯಾಯಾಲಯವು ಮನೆಯ ತೆರೆಯನ್ನು ಎಳೆದು, ಲೋಕದ ಕಣ್ಣಿಗೆ ಬೀಳದಂತೆ ಮಾಡಿ, ಗಂಡಹೆಂಡಿರನ್ನು ಅವರ ಪಾಡಿಗೆ ಬಿಡುವುದೇ ಲೇಸು ಎಂಬುದು ಅದರ ತಾತ್ಪರ್ಯ. ಹಕ್ಕಿಲ್ಲ ಎಂಬ ಮಾತೂ ತೆರೆ ಎಳೆಯಿರಿ ಎಂಬ ಮಾತೂ ಮುಂದಿನ ನೂರು ವರ್ಷ ಒಂದೇ ಮನೆಯಲ್ಲಿ ಬಾಳಿದುವು. ಕಾಯಿದೆಯ ಪುಸ್ತಕದಲ್ಲಿ ಮೊದಲನೆಯದೂ, ಪೊಲೀಸು ಠಾಣೆಯಲ್ಲಿ ಎರಡನೆಯದೂ ನಡೆದುವು.

ಬಲಾತ್ಕಾರದ ವಿಷಯದಲ್ಲಿ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. ಹಲವು ರಾಜ್ಯಗಳಲ್ಲಿ ಹೆಂಗಸಿನ ಸಾಕ್ಷ್ಯಕ್ಕೆ ಬೇರೊಂದು ಪುಷ್ಟಿ ಬೇಕಾಗಿತ್ತು. ಆಕೆಯ ಹಿಂದಿನ ನಡತೆಯನ್ನು ನ್ಯಾಯಾಲಯದಲ್ಲಿ ಕೆದಕಬಹುದಾಗಿತ್ತು. ಗಂಡನು ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದರೆ ಅದು ಅಪರಾಧವೇ ಆಗುತ್ತಿರಲಿಲ್ಲ. ಈ ಕೊನೆಯ ವಿನಾಯಿತಿಯನ್ನು ಪೂರ್ತಿಯಾಗಿ ರದ್ದುಮಾಡಿದ ಮೊದಲ ರಾಜ್ಯ ನೆಬ್ರಾಸ್ಕ; ಅದು ೧೯೭೬ರಲ್ಲಿ. ಐವತ್ತು ರಾಜ್ಯಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಅದು ಅಪರಾಧವೆನಿಸಬೇಕಾದರೆ ೧೯೯೩ ಬರಬೇಕಾಯಿತು.

೨

ಈ ವಿಷಯದಲ್ಲಿ ಕೇಂದ್ರ ಸರ್ಕಾರದ ಹಣ ಮೊಟ್ಟಮೊದಲು ಬಂದದ್ದು ಹೆಂಗಸರ ರಕ್ಷಣೆಯ ಹೆಸರಿನಲ್ಲಿ ಅಲ್ಲ. ೧೯೬೦ರ ದಶಕದಲ್ಲಿ ನಗರಗಳಲ್ಲಿ ಅಪರಾಧಗಳೂ ಗಲಭೆಗಳೂ ಹೆಚ್ಚಿದಾಗ, ಸ್ಥಳೀಯ ಪೊಲೀಸಿಗೆ ಕೇಂದ್ರವು ನೆರವಾಗಬೇಕೆಂಬ ವಾದ ಬಲಗೊಂಡಿತು. ೧೯೬೫ರ ಕಾಯಿದೆಯೊಂದರಿಂದ ಸಣ್ಣ ಪ್ರಮಾಣದಲ್ಲಿ ಆರಂಭವಾದ ಈ ನೆರವು, ೧೯೬೮ರ ಅಪರಾಧ ನಿಯಂತ್ರಣದ ಸಮಗ್ರ ಕಾಯಿದೆಯಿಂದ ವಿಸ್ತಾರವಾಗಿ, ಅದನ್ನು ಹಂಚುವುದಕ್ಕೆ ನ್ಯಾಯ ಇಲಾಖೆಯೊಳಗೆ ಪ್ರತ್ಯೇಕವಾದ ಆಡಳಿತಾಂಗವೇ ಹುಟ್ಟಿತು.

ಈ ಹಣದ ಒಂದಂಶ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಮಾರ್ಟನ್ ಬಾರ್ಡನ ಪ್ರಯೋಗಕ್ಕೆ ಸಂದಿತು. ೧೯೬೭ರಲ್ಲಿ ಆತನು ಹಾರ್ಲೆಮ್ಮಿನ ಮೂವತ್ತನೆಯ ಠಾಣೆಯ ಹದಿನೆಂಟು ಮಂದಿ ಪೊಲೀಸರನ್ನು ಆರಿಸಿ, ಕುಟುಂಬ ಕಲಹದ ಸ್ಥಳಕ್ಕೆ ಹೋದಾಗ ಹೇಗೆ ಮಾತನಾಡಬೇಕು, ಉದ್ರೇಕವನ್ನು ಹೇಗೆ ಶಮನಗೊಳಿಸಬೇಕು, ಯಾವ ಸಮಾಜಸೇವಾ ಸಂಸ್ಥೆಗೆ ದಾರಿ ತೋರಿಸಬೇಕು ಎಂಬುದನ್ನು ಕಲಿಸಿದನು. ಹಲ್ಲೆಯನ್ನು ಮುಚ್ಚಿಹಾಕುವುದು ಬಾರ್ಡನ ಉದ್ದೇಶವಾಗಿರಲಿಲ್ಲ. ಪೊಲೀಸರ ಒರಟುತನವನ್ನು ಕಡಮೆ ಮಾಡುವುದು, ಅವರಿಗೇ ಆಗುತ್ತಿದ್ದ ಗಾಯಗಳನ್ನು ತಪ್ಪಿಸುವುದು ಆತನ ಆಶಯ. ಆದರೆ ಈ ಮಾದರಿಯು ಕೇಂದ್ರದ ಹಣದೊಡನೆ ಊರಿಂದೂರಿಗೆ ಹರಡಿದಾಗ ಅದರ ಸಾರ ಇಷ್ಟಕ್ಕೇ ಇಳಿಯಿತು: ಇದು ಸಂಸಾರದ ಜಗಳ, ರಾಜಿ ಮಾಡಿಸಿ ಬನ್ನಿ. ಹೊಡೆದವನೂ ಹೊಡೆಸಿಕೊಂಡವಳೂ ಜಗಳದ ಎರಡು ಪಕ್ಷಗಳಾದರು. ಹೀಗೆ ಸರ್ಕಾರದ ಮೊದಲ ಅನುದಾನವು ದಸ್ತಗಿರಿ ಮಾಡದೆ ಬರುವ ಕಲೆಯನ್ನು ಪೊಲೀಸರಿಗೆ ಕಲಿಸಿತು. ಮುಂದೆ ಮೂವತ್ತು ವರ್ಷ ತುಂಬುವುದರೊಳಗೆ ಅದೇ ಇಲಾಖೆಯು ದಸ್ತಗಿರಿ ಮಾಡುವವರಿಗೆ ಹಣ ಕೊಡತೊಡಗಿತೆಂಬುದನ್ನು ನೆನೆದರೆ, ಅನುದಾನವು ಕಾಲದ ಅಭಿಪ್ರಾಯವನ್ನು ಎಷ್ಟು ನಿಷ್ಠೆಯಿಂದ ಹಿಂಬಾಲಿಸುತ್ತದೆಂಬುದು ಅರಿವಾಗುತ್ತದೆ.

ಅಭಿಪ್ರಾಯವನ್ನು ಬದಲಾಯಿಸಿದವರು ಹೆಂಗಸರೇ. ೧೯೭೧ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿಯೂ ೧೯೭೨ರಲ್ಲಿ ವಾಷಿಂಗ್ಟನ್ ನಗರದಲ್ಲಿಯೂ ಬಲಾತ್ಕಾರಕ್ಕೊಳಗಾದವರಿಗೆ ನೆರವಾಗುವ ಕೇಂದ್ರಗಳು ತಲೆಯೆತ್ತಿದುವು. ೧೯೭೪ರಲ್ಲಿ ಮಿನಿಸೋಟ ರಾಜ್ಯದ ಸೇಂಟ್ ಪಾಲಿನಲ್ಲಿ, ಹೊಡೆತ ತಾಳಲಾರದೆ ಮನೆಬಿಟ್ಟ ಹೆಂಗಸರಿಗೂ ಮಕ್ಕಳಿಗೂ ಆಶ್ರಯ ಕೊಡುವ ಮನೆಯೊಂದು ತೆರೆಯಿತು. ಇವೆಲ್ಲ ಮೊದಲು ನಡೆದದ್ದು ಚಂದಾ ಹಣದಿಂದ, ಸ್ವಯಂಸೇವಕಿಯರ ದುಡಿಮೆಯಿಂದ. ೧೯೭೬ರಲ್ಲಿ ನ್ಯೂಯಾರ್ಕ್ ಮತ್ತು ಓಕ್‌ಲೆಂಡ್ ನಗರಗಳ ಹೆಂಗಸರು, ಪೊಲೀಸರು ತಮ್ಮ ದೂರುಗಳನ್ನು ಲಕ್ಷಿಸುವುದಿಲ್ಲವೆಂದು ದಾವೆ ಹೂಡಿದರು. ಎರಡು ಕಡೆಗಳಲ್ಲಿಯೂ ಪೊಲೀಸು ಆಡಳಿತಗಳು ತಮ್ಮ ಕ್ರಮವನ್ನು ತಿದ್ದಿಕೊಳ್ಳುವುದಾಗಿ ಒಪ್ಪಂದಕ್ಕೆ ಬಂದುವು. ೧೯೭೭ರಲ್ಲಿ ಆರೆಗನ್ ರಾಜ್ಯವು, ಸಂಭಾವ್ಯ ಕಾರಣವಿದ್ದಲ್ಲಿ ಹೊಡೆದವನನ್ನು ಪೊಲೀಸರು ಕಡ್ಡಾಯವಾಗಿ ದಸ್ತಗಿರಿ ಮಾಡಬೇಕೆಂಬ ಕಾಯಿದೆಯನ್ನು ಮೊದಲಿಗೆ ತಂದಿತು.

ಈ ಹೊತ್ತಿಗೆ ಕೇಂದ್ರದ ಹಣ ಬೇರೊಂದು ದಿಕ್ಕಿಗೆ ಹೊರಳಲಾರಂಭಿಸಿತು. ೧೯೭೦ರ ದಶಕದ ಕೊನೆಯಲ್ಲಿ ಕೆಲವು ಆಶ್ರಯಗೃಹಗಳಿಗೂ ಅಭಿಯೋಜಕರ ಕಚೇರಿಗಳಿಗೂ ಸಹಾಯ ದೊರೆಯಿತು. ೧೯೭೯ರಲ್ಲಿ ಅಧ್ಯಕ್ಷ ಕಾರ್ಟರರ ಸರ್ಕಾರವು ಗೃಹಹಿಂಸೆಗೆಂದೇ ಒಂದು ಕಚೇರಿಯನ್ನು ತೆರೆಯಿತು. ಆದರೆ ೧೯೮೦ರಲ್ಲಿ ಇದಕ್ಕೆ ಸಂಬಂಧಿಸಿದ ಮಸೂದೆ ಸೆನೆಟ್ಟಿನಲ್ಲಿ ಬಿದ್ದುಹೋಯಿತು. ೧೯೮೧ರಲ್ಲಿ ಕಚೇರಿ ಮುಚ್ಚಿತು. ೧೯೮೨ರಲ್ಲಿ ಅನುದಾನ ಹಂಚುತ್ತಿದ್ದ ಆಡಳಿತಾಂಗವೇ ಕೊನೆಗೊಂಡಿತು. ಹಣದ ಮೇಲೆ ನಿಂತ ಸುಧಾರಣೆ ಹಣದೊಡನೆ ಹೋಗಬಹುದೆಂಬ ಪಾಠ ಇಲ್ಲಿಯೇ ಮೊದಲು ದೊರೆಯಿತು.

೩

೧೯೮೦ರ ದಶಕದ ಎರಡು ಘಟನೆಗಳು ದಸ್ತಗಿರಿಯ ಪರವಾದ ಅಭಿಪ್ರಾಯವನ್ನು ಗಟ್ಟಿಗೊಳಿಸಿದುವು. ಒಂದು ವಿದ್ವಾಂಸರ ಪ್ರಯೋಗ. ಮತ್ತೊಂದು ಒಬ್ಬ ಹೆಂಗಸಿನ ದುರಂತ.

೧೯೮೧–೮೨ರಲ್ಲಿ ಲಾರೆನ್ಸ್ ಶರ್ಮನ್ ಮತ್ತು ರಿಚರ್ಡ್ ಬರ್ಕ್ ಎಂಬ ಸಮಾಜಶಾಸ್ತ್ರಜ್ಞರು, ರಾಷ್ಟ್ರೀಯ ನ್ಯಾಯ ಸಂಸ್ಥೆಯ ಧನಸಹಾಯದಿಂದ, ಮಿನಿಯಾಪೊಲಿಸ್ ನಗರದಲ್ಲಿ ಪ್ರಯೋಗವೊಂದನ್ನು ನಡೆಸಿದರು. ಪೊಲೀಸರಿಗೆ ಬೇರೆ ಬೇರೆ ಬಣ್ಣದ ವರದಿ ಪತ್ರಗಳ ಕಂತೆಯನ್ನು ಕೊಟ್ಟು, ಮೇಲಿನ ಹಾಳೆಯ ಬಣ್ಣಕ್ಕನುಸಾರವಾಗಿ ಹೊಡೆದವನನ್ನು ದಸ್ತಗಿರಿ ಮಾಡುವುದೋ, ಕೆಲವು ಗಂಟೆಗಳ ಕಾಲ ಮನೆಯಿಂದಾಚೆ ಕಳುಹಿಸುವುದೋ, ಬುದ್ಧಿವಾದ ಹೇಳುವುದೋ ಎಂಬುದನ್ನು ನಿಶ್ಚಯಿಸಲಾಗುತ್ತಿತ್ತು. ೩೧೪ ಪ್ರಕರಣಗಳನ್ನು ಆರು ತಿಂಗಳ ಕಾಲ ಗಮನಿಸಿದರು. ಪೊಲೀಸು ದಾಖಲೆಯ ಪ್ರಕಾರ ದಸ್ತಗಿರಿಯಾದವರಲ್ಲಿ ನೂರಕ್ಕೆ ೧೦, ಬುದ್ಧಿವಾದ ಕೇಳಿದವರಲ್ಲಿ ನೂರಕ್ಕೆ ೧೯, ಆಚೆ ಕಳುಹಿಸಲ್ಪಟ್ಟವರಲ್ಲಿ ನೂರಕ್ಕೆ ೨೪ ಮಂದಿ ಮತ್ತೆ ಹಿಂಸೆಗೆ ತೊಡಗಿದ್ದರು. ೧೯೮೪ರಲ್ಲಿ ಪ್ರಕಟವಾದ ಈ ಫಲಿತಾಂಶ ದೇಶದ ಪತ್ರಿಕೆಗಳಲ್ಲೆಲ್ಲ ಹರಡಿತು. ಬೇರೆ ನಗರಗಳಲ್ಲಿಯೂ ಪರೀಕ್ಷಿಸಿ ನೋಡಬೇಕೆಂದು ಲೇಖಕರೇ ಸೂಚಿಸಿದ್ದರೂ ಆಡಳಿತಗಾರರು ಅಷ್ಟು ಕಾಯಲಿಲ್ಲ.

ಎರಡನೆಯದು ಕನೆಕ್ಟಿಕಟ್ ರಾಜ್ಯದ ಟಾರಿಂಗ್ಟನ್ ಎಂಬ ಸಣ್ಣ ಪಟ್ಟಣದ ಸಂಗತಿ. ದೂರವಾಗಿದ್ದ ಗಂಡನ ಬೆದರಿಕೆಯ ವಿಷಯವಾಗಿ ಪೊಲೀಸರಿಗೆ ಮತ್ತೆ ಮತ್ತೆ ದೂರು ಕೊಟ್ಟಿದ್ದ ಹೆಂಗಸೊಬ್ಬಳು ೧೯೮೩ರ ಜೂನ್ ೧೦ರಂದು ಅವನ ಚೂರಿಯ ತಿವಿತಗಳಿಗೆ ಸಿಕ್ಕಿ ಅಂಗವಿಕಲೆಯಾದಳು. ಪೊಲೀಸಿನವನು ಸ್ಥಳದಲ್ಲಿ ನಿಂತಿದ್ದಾಗಲೂ ಆ ಗಂಡನು ಆಕೆಯ ತಲೆಯನ್ನು ಒದೆದನು. ಅಪರಿಚಿತನು ಹೊಡೆದರೆ ಹಿಡಿಯುವ ಪೊಲೀಸರು ಗಂಡನು ಹೊಡೆದರೆ ಹಿಡಿಯದಿರುವುದು ಸಂವಿಧಾನದ ಸಮಾನ ರಕ್ಷಣೆಗೆ ವಿರುದ್ಧವೆಂದು ಆಕೆ ಪಟ್ಟಣದ ಮೇಲೆ ದಾವೆ ಹೂಡಿದಳು. ೧೯೮೪ರಲ್ಲಿ ಕೇಂದ್ರದ ಜಿಲ್ಲಾ ನ್ಯಾಯಾಲಯವು ಈ ವಾದವನ್ನು ವಿಚಾರಣೆಗೆ ಅಂಗೀಕರಿಸಿತು; ೧೯೮೫ರಲ್ಲಿ ಪಂಚರು ೨೩ ಲಕ್ಷ ಡಾಲರುಗಳ ಪರಿಹಾರವನ್ನು ವಿಧಿಸಿದರು; ಕೊನೆಗೆ ೧೯ ಲಕ್ಷಕ್ಕೆ ರಾಜಿಯಾಯಿತು. ದಸ್ತಗಿರಿ ಮಾಡದಿರುವುದಕ್ಕೂ ಬೆಲೆ ತೆರಬೇಕಾದೀತೆಂಬುದು ಪಟ್ಟಣ ಪಟ್ಟಣದ ಖಜಾನೆಗೆ ಅರ್ಥವಾಯಿತು. ೧೯೮೬ರಲ್ಲಿ ಕನೆಕ್ಟಿಕಟ್ ಕಡ್ಡಾಯ ದಸ್ತಗಿರಿಯ ಕಾಯಿದೆಯನ್ನು ಮಾಡಿತು.

ಇದೇ ಕಾಲದಲ್ಲಿ ಮಿನಿಸೋಟದ ಡುಲೂತ್ ಪಟ್ಟಣದಲ್ಲಿ ಎಲೆನ್ ಪೆನ್ಸ್ ಮೊದಲಾದವರು ಬೇರೊಂದು ವಿಚಾರವನ್ನು ಕಾರ್ಯರೂಪಕ್ಕೆ ತಂದರು. ಪೊಲೀಸು, ಅಭಿಯೋಜಕ, ನ್ಯಾಯಾಧೀಶ, ಆಶ್ರಯಗೃಹ ಇವರಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಹೆಂಗಸು ಆ ಬಿರುಕಿನಲ್ಲಿ ಬೀಳುತ್ತಾಳೆ. ಆದ್ದರಿಂದ ಎಲ್ಲರೂ ಒಂದೇ ಕಟ್ಟಳೆಗೆ ಒಳಪಟ್ಟು ನಡೆಯಬೇಕೆಂಬುದು ಅವರ ಸಿದ್ಧಾಂತ. ಮುಂದಿನ ಅನುದಾನಗಳ ಬೆನ್ನೆಲುಬಾದದ್ದು ಈ ಸಹಕಾರ ತತ್ತ್ವವೇ.

೧೯೮೪ ಮತ್ತೊಂದು ಕಾರಣಕ್ಕೂ ಸ್ಮರಣೀಯ. ಆ ವರ್ಷ ಕಾಂಗ್ರೆಸ್ಸು ಎರಡು ಕಾಯಿದೆಗಳನ್ನು ಮಾಡಿತು. ಒಂದರಿಂದ ಆಶ್ರಯಗೃಹಗಳಿಗೆ ನೇರವಾದ ಕೇಂದ್ರ ಸಹಾಯ ದೊರೆಯಿತು. ಮತ್ತೊಂದರಿಂದ ಅಪರಾಧಕ್ಕೊಳಗಾದವರಿಗೆ ನಿಧಿಯೊಂದು ಏರ್ಪಟ್ಟಿತು. ಈ ನಿಧಿಗೆ ಹಣ ಬಂದದ್ದು ತೆರಿಗೆಯಿಂದಲ್ಲ, ಕೇಂದ್ರ ನ್ಯಾಯಾಲಯಗಳಲ್ಲಿ ಅಪರಾಧಿಗಳು ತೆತ್ತ ದಂಡದಿಂದ. ಆದರೆ ಇವೆರಡೂ ನೊಂದವರ ಶುಶ್ರೂಷೆಗೆ ಮೀಸಲಾದುವು. ನ್ಯಾಯ ಕೊಡುವವರ ನಡವಳಿಕೆಯನ್ನು ಮುಟ್ಟಲಿಲ್ಲ.

೪

ಆ ಕೆಲಸಕ್ಕೆ ಕೈಹಾಕಿದ್ದು ೧೯೯೪ರ ಸ್ತ್ರೀಹಿಂಸಾ ವಿರೋಧಿ ಕಾಯಿದೆ. ಸೆನೆಟ್ ಸದಸ್ಯರಾಗಿದ್ದ ಜೋಸೆಫ್ ಬೈಡನ್ ಅವರು ೧೯೯೦ರಲ್ಲಿ ಮೊದಲು ಮಂಡಿಸಿದ ಈ ಮಸೂದೆಯು ನಾಲ್ಕು ವರ್ಷಗಳ ಚರ್ಚೆಯ ಅನಂತರ, ಅಪರಾಧ ನಿಯಂತ್ರಣದ ದೊಡ್ಡದೊಂದು ಕಾಯಿದೆಯ ನಾಲ್ಕನೆಯ ಭಾಗವಾಗಿ, ೧೯೯೪ರ ಸೆಪ್ಟೆಂಬರ್ ೧೩ರಂದು ಅಧ್ಯಕ್ಷ ಕ್ಲಿಂಟನ್ ಅವರ ಅಂಕಿತವನ್ನು ಪಡೆಯಿತು. ಆರು ವರ್ಷಗಳಿಗೆ ೧೬೦ ಕೋಟಿ ಡಾಲರುಗಳಷ್ಟು ವೆಚ್ಚಕ್ಕೆ ಅದು ಅವಕಾಶ ಕಲ್ಪಿಸಿತು. ಕೇಂದ್ರದ ನೌಕರವರ್ಗವನ್ನು ಇಳಿಸಿದುದರಿಂದ ಉಳಿಯುವ ಹಣವನ್ನು ಈ ಅಪರಾಧ ನಿಯಂತ್ರಣ ನಿಧಿಗೆ ಗೊತ್ತುಮಾಡಲಾಗಿತ್ತು. ೧೯೯೫ರಲ್ಲಿ ನ್ಯಾಯ ಇಲಾಖೆಯಲ್ಲಿ ಇದಕ್ಕಾಗಿಯೇ ಒಂದು ಕಚೇರಿ ಏರ್ಪಟ್ಟು, ಅಯೋವ ರಾಜ್ಯದ ಮಾಜಿ ಅಟಾರ್ನಿ ಜನರಲ್ ಬಾನಿ ಕ್ಯಾಂಬೆಲ್ ಅದರ ಮೊದಲ ಮುಖ್ಯಸ್ಥೆಯಾದರು.

ಅನುದಾನಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ರಾಜ್ಯಗಳಿಗೆ ಸೂತ್ರಾನುಸಾರವಾಗಿ ಸಲ್ಲುವಂಥದು. ರಾಜ್ಯವು ತನಗೆ ಬಂದ ಹಣದಲ್ಲಿ ಕಾಲುಭಾಗವನ್ನು ಪೊಲೀಸಿಗೆ, ಕಾಲುಭಾಗವನ್ನು ಅಭಿಯೋಜಕರಿಗೆ, ಕಾಲುಭಾಗವನ್ನು ನೊಂದವರ ಸೇವೆಗೆ ಕಡ್ಡಾಯವಾಗಿ ಹಂಚಬೇಕಾಗಿತ್ತು. ಉಳಿದದ್ದು ಅದರ ವಿವೇಚನೆಗೆ ಬಿಟ್ಟದ್ದಾಗಿತ್ತು. ಯೋಜನೆಯ ವೆಚ್ಚದಲ್ಲಿ ನೂರಕ್ಕೆ ೭೫ಕ್ಕಿಂತ ಹೆಚ್ಚನ್ನು ಕೇಂದ್ರ ಕೊಡದು. ಮೊದಲ ವರ್ಷವಾದ ೧೯೯೫ರಲ್ಲಿ ಒದಗಿಸಿದ ಮೊತ್ತ ೨ ಕೋಟಿ ೬೦ ಲಕ್ಷ ಡಾಲರು. ಅದು ಸಾಲದೆ ಬಂದುದರಿಂದ ದೊಡ್ಡ ಕ್ಯಾಲಿಫೋರ್ನಿಯಕ್ಕೂ ಸಣ್ಣ ವಯೋಮಿಂಗಿಗೂ ಸಮನಾಗಿ ಸುಮಾರು ೪ ಲಕ್ಷ ೨೬ ಸಾವಿರ ಡಾಲರು ಸಂದಿತು. ಮೊತ್ತ ಅಲ್ಪವೇ. ಆದರೆ ಆ ಹಂಚಿಕೆಯ ನಿಯಮದಿಂದ ಪೊಲೀಸು ಅಧಿಕಾರಿಯೂ ಆಶ್ರಯಗೃಹದ ಕಾರ್ಯಕರ್ತೆಯೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕಾಯಿತು. ಡುಲೂತಿನ ತತ್ತ್ವವನ್ನು ಕಾಂಗ್ರೆಸ್ಸು ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಹೀಗೆ.

ಎರಡನೆಯ ಅನುದಾನದ ಹೆಸರೇ ‘ದಸ್ತಗಿರಿ ನೀತಿಗೆ ಪ್ರೋತ್ಸಾಹ’ ಎಂದಿತ್ತು. ೧೯೯೬ಕ್ಕೆ ೨ ಕೋಟಿ ೮೦ ಲಕ್ಷ, ೧೯೯೭ಕ್ಕೆ ೩ ಕೋಟಿ ೩೦ ಲಕ್ಷ, ೧೯೯೮ಕ್ಕೆ ೫ ಕೋಟಿ ೯೦ ಲಕ್ಷ, ಒಟ್ಟು ೧೨ ಕೋಟಿ ಡಾಲರುಗಳಿಗೆ ಕಾಯಿದೆ ಅನುಮತಿ ಕೊಟ್ಟಿತು. ಇದು ರಾಜ್ಯಗಳಿಗೂ ಊರಾಡಳಿತಗಳಿಗೂ ಮೂಲನಿವಾಸಿ ಬುಡಕಟ್ಟು ಸರ್ಕಾರಗಳಿಗೂ ಸ್ಪರ್ಧೆಯ ಮೇಲೆ ಸಿಕ್ಕುವಂಥದು. ಅರ್ಜಿದಾರರು ನಾಲ್ಕು ಸಂಗತಿಗಳನ್ನು ದೃಢೀಕರಿಸಬೇಕಾಗಿತ್ತು. ಸಂಭಾವ್ಯ ಕಾರಣವಿದ್ದಲ್ಲಿ ದಸ್ತಗಿರಿಯನ್ನು ತಮ್ಮ ಕಾಯಿದೆ ಅಥವಾ ನೀತಿ ಪ್ರೋತ್ಸಾಹಿಸುತ್ತದೆ ಅಥವಾ ಕಡ್ಡಾಯಪಡಿಸುತ್ತದೆ. ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಒಟ್ಟಿಗೆ ಹಿಡಿಯುವುದನ್ನು ನಿರುತ್ತೇಜನಗೊಳಿಸುತ್ತದೆ. ಇಬ್ಬರೂ ಪ್ರತ್ಯೇಕವಾಗಿ ಅರ್ಜಿ ಹಾಕದೆ ನ್ಯಾಯಾಲಯಗಳು ಪರಸ್ಪರ ನಿರ್ಬಂಧದ ಆಜ್ಞೆ ಹೊರಡಿಸುವುದಿಲ್ಲ. ದೂರಿಗಾಗಲಿ ರಕ್ಷಣಾಜ್ಞೆಗಾಗಲಿ ನೊಂದವಳಿಂದ ಶುಲ್ಕ ವಸೂಲು ಮಾಡುವುದಿಲ್ಲ. ಬಲಾತ್ಕಾರದ ವೈದ್ಯಪರೀಕ್ಷೆಯ ವೆಚ್ಚವನ್ನು ಆಕೆಯ ಮೇಲೆ ಹೊರಿಸಕೂಡದೆಂಬುದು ಮೊದಲನೆಯ ಅನುದಾನದ ಷರತ್ತು. ೨೦೦೫ರ ತಿದ್ದುಪಡಿಯು, ಆಕೆ ಪೊಲೀಸಿನೊಡನೆ ಸಹಕರಿಸಲಿ ಬಿಡಲಿ ಪರೀಕ್ಷೆಯನ್ನು ಉಚಿತವಾಗಿ ಮಾಡಬೇಕೆಂದು ಇದನ್ನು ವಿಸ್ತರಿಸಿತು. ಕೇಂದ್ರವು ತಾನು ಆಜ್ಞಾಪಿಸಲಾಗದ ಸುಧಾರಣೆಗಳನ್ನು ಹೀಗೆ ಷರತ್ತಿನ ರೂಪದಲ್ಲಿ ಮನೆಮನೆಗೆ ಮುಟ್ಟಿಸಿತು. ಅನುದಾನದ ನಿಜವಾದ ಬಲ ಅದರ ಮೊತ್ತದಲ್ಲಿರದೆ ಈ ಷರತ್ತುಗಳಲ್ಲಿತ್ತು.

೫

೧೯೯೪ರ ಕಾಯಿದೆಯಲ್ಲಿ ಹಣದ ಜೊತೆಗೆ ಒಂದು ಹಕ್ಕೂ ಇತ್ತು. ಲಿಂಗದ್ವೇಷದ ಹಿಂಸೆಗೆ ಗುರಿಯಾದವರು ಹಿಂಸಿಸಿದವನ ಮೇಲೆ ಕೇಂದ್ರ ನ್ಯಾಯಾಲಯದಲ್ಲಿ ನೇರವಾಗಿ ಪರಿಹಾರಕ್ಕೆ ದಾವೆ ಹೂಡಬಹುದಾಗಿತ್ತು. ವರ್ಜೀನಿಯದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಈ ಹಕ್ಕನ್ನು ಚಲಾಯಿಸಹೋದಾಗ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಮುಟ್ಟಿತು. ೨೦೦೦ದ ಮೇ ತಿಂಗಳಲ್ಲಿ ನಾಲ್ವರಿಗೆ ಐವರ ಬಹುಮತದಿಂದ ನ್ಯಾಯಾಲಯವು ಆ ಭಾಗವನ್ನು ಅಸಿಂಧುಗೊಳಿಸಿತು. ಇಂಥ ಹಿಂಸೆ ವಾಣಿಜ್ಯ ವ್ಯವಹಾರವಲ್ಲವಾದ್ದರಿಂದ ಅಂತರರಾಜ್ಯ ವಾಣಿಜ್ಯದ ಅಧಿಕಾರದಡಿ ಕಾಂಗ್ರೆಸ್ಸು ಹಾಗೆ ಶಾಸನ ಮಾಡಲಾರದು. ಹದಿನಾಲ್ಕನೆಯ ತಿದ್ದುಪಡಿಯು ಸರ್ಕಾರದ ಕೃತ್ಯಗಳಿಗೆ ಅನ್ವಯಿಸುವುದೇ ಹೊರತು ಖಾಸಗಿ ವ್ಯಕ್ತಿಯ ಕೃತ್ಯಕ್ಕಲ್ಲ ಎಂಬುದು ನಿರ್ಣಯ. ಅನುದಾನಗಳಿಗೆ ಮಾತ್ರ ಏನೂ ಆಗಲಿಲ್ಲ. ಹಣ ವೆಚ್ಚ ಮಾಡುವ ಅಧಿಕಾರ ಪ್ರತ್ಯೇಕವಾದದ್ದು. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಹೀಗೆ ಕಾಯಿದೆಯೊಳಗಿನ ಹಕ್ಕು ಬಿದ್ದಿತು, ಹಣ ಉಳಿಯಿತು.

ಐದು ವರ್ಷಗಳ ಅನಂತರ ಬಂದ ಮತ್ತೊಂದು ತೀರ್ಪು ಇದಕ್ಕಿಂತಲೂ ಕಠಿನವಾದದ್ದು. ಕೊಲರಾಡೊ ರಾಜ್ಯದ ಕ್ಯಾಸಲ್ ರಾಕ್ ಪಟ್ಟಣದಲ್ಲಿ ೧೯೯೯ರ ಜೂನ್ ತಿಂಗಳ ಒಂದು ಸಂಜೆ, ರಕ್ಷಣಾಜ್ಞೆಗೆ ಒಳಪಟ್ಟಿದ್ದ ಗಂಡನೊಬ್ಬನು ತನ್ನ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದನು. ತಾಯಿ ಆಜ್ಞೆಯ ಪ್ರತಿಯನ್ನು ತೋರಿಸಿ, ರಾತ್ರಿಯೆಲ್ಲ ಪೊಲೀಸರನ್ನು ಮತ್ತೆ ಮತ್ತೆ ಬೇಡಿದಳು. ಇನ್ನೂ ಸ್ವಲ್ಪ ಕಾಯಿರಿ ಎಂಬ ಉತ್ತರ ಬಂತು. ಬೆಳಗಿನ ಜಾವ ಅವನು ಠಾಣೆಯ ಮುಂದೆಯೇ ಬಂದು ಗುಂಡು ಹಾರಿಸಿ, ಪೊಲೀಸರ ಗುಂಡಿಗೆ ಸತ್ತನು. ಅವನ ವಾಹನದಲ್ಲಿ ಮೂವರು ಮಕ್ಕಳ ಹೆಣಗಳಿದ್ದುವು. ಆಜ್ಞೆಯನ್ನು ಮೀರಿದವನನ್ನು ದಸ್ತಗಿರಿ ಮಾಡತಕ್ಕದ್ದು ಎಂದು ಕೊಲರಾಡೊ ಕಾಯಿದೆ ವಿಧಿಸಿತ್ತು. ಆದರೂ ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಬ್ಬರಿಗೆ ಏಳು ಮಂದಿಯ ಬಹುಮತದಿಂದ, ಆಜ್ಞೆಯನ್ನು ಜಾರಿಗೊಳಿಸಬೇಕೆಂದು ಕೇಳುವ ಹಕ್ಕು ಸಂವಿಧಾನ ರಕ್ಷಿಸುವ ಸ್ವತ್ತಲ್ಲವೆಂದು ತೀರ್ಮಾನಿಸಿತು. ಪೊಲೀಸಿಗೆ ವಿವೇಚನೆ ಎಂದಿನಿಂದಲೂ ಉಂಟು. ‘ಮಾಡತಕ್ಕದ್ದು’ ಎಂಬ ಪದ ಅದನ್ನು ತೆಗೆದುಹಾಕಲಾರದು ಎಂಬುದು ನ್ಯಾಯಮೂರ್ತಿ ಸ್ಕಲಿಯ ಅವರು ಬರೆದ ತೀರ್ಪಿನ ತಿರುಳು. ಆ ತಾಯಿಯ ದೂರನ್ನು ಆಲಿಸಿದ ಅಮೆರಿಕ ಖಂಡಗಳ ಮಾನವಹಕ್ಕುಗಳ ಆಯೋಗವು ೨೦೧೧ರಲ್ಲಿ, ಸಂಯುಕ್ತ ಸಂಸ್ಥಾನಗಳು ತಮ್ಮ ಹೊಣೆಯಲ್ಲಿ ತಪ್ಪಿದುವೆಂದು ಹೇಳಿತು. ಆದರೆ ಆ ಅಭಿಪ್ರಾಯಕ್ಕೆ ಅಮೆರಿಕದ ನ್ಯಾಯಾಲಯಗಳನ್ನು ಕಟ್ಟುವ ಬಲವಿಲ್ಲ.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದಾಗ ಅನುದಾನದ ಸ್ವರೂಪ ತಿಳಿಯುತ್ತದೆ. ಅದು ಇಬ್ಬರ ನಡುವಣ ಒಪ್ಪಂದ. ಒಂದು ಕಡೆ ಕೇಂದ್ರ, ಇನ್ನೊಂದು ಕಡೆ ಊರಾಡಳಿತ. ಷರತ್ತು ಮುರಿದರೆ ಕೇಂದ್ರವು ಹಣ ನಿಲ್ಲಿಸಬಹುದು. ಆದರೆ ಯಾರ ಸಲುವಾಗಿ ಒಪ್ಪಂದವಾಯಿತೋ ಆ ಹೆಂಗಸು ಅದರ ಪಕ್ಷಗಾರಳಲ್ಲ. ರಾತ್ರಿ ಠಾಣೆಯ ಬಾಗಿಲಲ್ಲಿ ನಿಂತವಳಿಗೆ ಷರತ್ತನ್ನು ತೋರಿಸಿ ಕೇಳುವ ಅಧಿಕಾರವಿಲ್ಲ.

೬

ಇನ್ನು, ಹಣ ಕೊಂಡುತಂದ ನೀತಿಯೇ ಸರಿಯಾಗಿತ್ತೆ ಎಂಬ ಪ್ರಶ್ನೆಯೂ ಏಳದಿರಲಿಲ್ಲ. ಮಿನಿಯಾಪೊಲಿಸ್ ಪ್ರಯೋಗವನ್ನು ಓಮಹ, ಷಾರ್ಲಟ್, ಮಿಲ್ವಾಕಿ, ಕೊಲರಾಡೊ ಸ್ಪ್ರಿಂಗ್ಸ್, ಮಯಾಮಿ ಪ್ರದೇಶಗಳಲ್ಲಿ ಪುನಃ ಮಾಡಿದಾಗ ಫಲಿತಾಂಶಗಳು ಒಂದೇ ರೀತಿಯಾಗಿ ಬರಲಿಲ್ಲ. ಮಿಲ್ವಾಕಿಯಲ್ಲಿ, ಉದ್ಯೋಗವಿದ್ದವರು ದಸ್ತಗಿರಿಯಿಂದ ತಗ್ಗಿದರೆ ನಿರುದ್ಯೋಗಿಗಳು ಇನ್ನಷ್ಟು ಕೆರಳಿದಂತೆ ಕಂಡುಬಂತು. ಈ ಸಂಗತಿ ೧೯೯೦ರ ದಶಕದ ಆದಿಯಲ್ಲಿಯೇ ಪ್ರಕಟವಾಗಿತ್ತು. ಅಂದರೆ ಕಾಂಗ್ರೆಸ್ಸು ದಸ್ತಗಿರಿಗೆ ಹಣ ಗೊತ್ತುಮಾಡುವ ಮೊದಲೇ. ಒಮ್ಮೆ ಬೇರೂರಿದ ಅಭಿಪ್ರಾಯವು ಪುರಾವೆಯನ್ನು ಕಾಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಡ್ಡಾಯ ದಸ್ತಗಿರಿಯ ಇನ್ನೊಂದು ಪರಿಣಾಮ ಅನಿರೀಕ್ಷಿತವಾದದ್ದು. ಯಾರು ಮೊದಲು ಹೊಡೆದರೆಂದು ತೂಗಿ ನೋಡುವ ಬದಲು ಪೊಲೀಸರು ಇಬ್ಬರನ್ನೂ ಹಿಡಿಯತೊಡಗಿದರು. ತಡೆಯಲು ಕೈಯೆತ್ತಿದವಳೂ ಸೆರೆಮನೆ ಕಂಡಳು. ಟಾರಿಂಗ್ಟನ್ನಿನ ದುರಂತದಿಂದ ಕಾಯಿದೆ ಪಡೆದ ಕನೆಕ್ಟಿಕಟ್ಟಿನಲ್ಲಿಯೇ ಈ ದೋಷ ವಿಶೇಷವಾಗಿ ತಲೆದೋರಿತು. ಮುಖ್ಯ ಆಕ್ರಮಣಕಾರನು ಯಾರೆಂದು ಗುರುತಿಸಿ ಅವನೊಬ್ಬನನ್ನು ಹಿಡಿಯುವ ವಿಧಿ ಅಲ್ಲಿ ಜಾರಿಗೆ ಬಂದದ್ದು ೨೦೧೯ರಲ್ಲಿ, ಮೂಲ ಕಾಯಿದೆಯಾಗಿ ಮೂವತ್ತೆರಡು ವರ್ಷಗಳ ಮೇಲೆ. ಪೊಲೀಸರನ್ನು ಕರೆಯುವುದೇ ಅಪಾಯವೆಂದು ಭಾವಿಸುವ ಕಪ್ಪುವರ್ಣದ ಹೆಂಗಸರೂ ವಲಸೆ ಬಂದವರೂ ಈ ನೀತಿಯಿಂದ ದೂರವೇ ಉಳಿದರೆಂದು ಬೆತ್ ರಿಚಿ, ಲೀ ಗುಡ್‌ಮಾರ್ಕ್ ಮೊದಲಾದ ವಿದುಷಿಯರು ಆಕ್ಷೇಪಿಸಿದರು.

ಬಲಾತ್ಕಾರದ ಪ್ರಕರಣಗಳು ಅನುದಾನದ ಹಂಚಿಕೆಯಲ್ಲಿ ಹಿಂದೆ ಬಿದ್ದಿದ್ದುವು. ೨೦೦೯ರಲ್ಲಿ ಡೆಟ್ರಾಯಿಟ್ ಪೊಲೀಸರ ಉಗ್ರಾಣವೊಂದರಲ್ಲಿ, ಬಲಾತ್ಕಾರಕ್ಕೊಳಗಾದವರ ದೇಹದಿಂದ ಸಂಗ್ರಹಿಸಿದ ಸಾಕ್ಷ್ಯದ ಹನ್ನೊಂದು ಸಾವಿರಕ್ಕೂ ಮಿಕ್ಕ ಪೆಟ್ಟಿಗೆಗಳು ಸಿಕ್ಕಿದುವು. ಬಹುಪಾಲು ಪರೀಕ್ಷೆಗೇ ಹೋಗಿರಲಿಲ್ಲ. ರಾಷ್ಟ್ರೀಯ ನ್ಯಾಯ ಸಂಸ್ಥೆಯ ಅನುದಾನದಿಂದ ರೆಬೆಕ ಕ್ಯಾಂಬೆಲ್ ನಡೆಸಿದ ಸಂಶೋಧನೆಯು, ಸಿಬ್ಬಂದಿ ಮತ್ತು ಹಣದ ಕೊರತೆ ಒಂದು ಕಾರಣವಾದರೆ, ದೂರು ಕೊಟ್ಟವಳನ್ನು ಪೊಲೀಸರು ನಂಬದಿದ್ದದ್ದು ಇನ್ನೊಂದು ಕಾರಣವೆಂದು ತೋರಿಸಿತು. ಮೊದಲನೆಯ ಕೊರತೆಯನ್ನು ಹಣ ತುಂಬಬಲ್ಲದು. ೨೦೧೫ರಲ್ಲಿ ಇದಕ್ಕಾಗಿ ಪ್ರತ್ಯೇಕ ಕೇಂದ್ರ ಅನುದಾನ ಆರಂಭವಾಗಿ ಹಲವು ನಗರಗಳ ಪೆಟ್ಟಿಗೆಗಳು ತೆರೆದುವು, ಹಳೆಯ ಅಪರಾಧಿಗಳು ಸಿಕ್ಕಿಬಿದ್ದರು. ಎರಡನೆಯ ಕೊರತೆ ಅಷ್ಟು ಸುಲಭವ್ಯಾಪಾರವಲ್ಲ. ೨೦೧೩ರ ತಿದ್ದುಪಡಿಯು ರಾಜ್ಯಗಳ ಅನುದಾನದಲ್ಲಿ ನೂರಕ್ಕೆ ೨೦ನ್ನೂ ದಸ್ತಗಿರಿಯ ಅನುದಾನದಲ್ಲಿ ನೂರಕ್ಕೆ ೨೫ನ್ನೂ ಬಲಾತ್ಕಾರದ ಪ್ರಕರಣಗಳಿಗೇ ಮೀಸಲಿಟ್ಟಿತು.

ಹಣವು ಅಧಿಕಾರದ ಸ್ಥಾನವನ್ನು ತುಂಬಲಾರದೆಂಬುದಕ್ಕೆ ಮೂಲನಿವಾಸಿಗಳ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟವಾದದ್ದು. ೧೯೯೪ರ ಕಾಯಿದೆಯಿಂದಲೇ ಬುಡಕಟ್ಟು ಸರ್ಕಾರಗಳಿಗೆ ಅನುದಾನ ಸಲ್ಲುತ್ತಿತ್ತು. ಆದರೆ ೧೯೭೮ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಪ್ರಕಾರ ಮೂಲನಿವಾಸಿಯಲ್ಲದವನನ್ನು ಬುಡಕಟ್ಟಿನ ನ್ಯಾಯಾಲಯ ಅಪರಾಧಕ್ಕಾಗಿ ವಿಚಾರಿಸುವಂತಿರಲಿಲ್ಲ. ಪೊಲೀಸರ ಸಂಬಳಕ್ಕೆ ಹಣವಿತ್ತು. ಹೆಂಡತಿಯನ್ನು ಹೊಡೆದ ಪರಕೀಯನನ್ನು ಶಿಕ್ಷಿಸುವ ಅಧಿಕಾರವಿರಲಿಲ್ಲ. ೨೦೧೩ರ ಕಾಯಿದೆ ಗೃಹಹಿಂಸೆಯ ಮಟ್ಟಿಗೆ ಈ ಅಧಿಕಾರವನ್ನು ಮರಳಿಸಿತು. ೨೦೧೪ರಲ್ಲಿ ಪಾಸ್ಕ್ವ ಯಾಕಿ, ಟುಲೇಲಿಪ್, ಯುಮಟಿಲ ಎಂಬ ಮೂರು ಬುಡಕಟ್ಟುಗಳು ಅದನ್ನು ಮೊದಲು ಚಲಾಯಿಸಿದುವು. ೨೦೨೨ರ ಕಾಯಿದೆ ಲೈಂಗಿಕ ಹಿಂಸೆ ಮೊದಲಾದುವಕ್ಕೂ ಅದನ್ನು ವಿಸ್ತರಿಸಿತು.

ಇವುಗಳ ಜೊತೆಗೆ ದಸ್ತಗಿರಿಯನ್ನು ಮೀರಿ ಯೋಚಿಸುವ ಕ್ರಮವೂ ಬೆಳೆಯಿತು. ಕೊಲೆಯಾಗುವ ಮುನ್ನ ಕಾಣುವ ಚಿಹ್ನೆಗಳನ್ನು, ಎಂದರೆ ಕತ್ತು ಹಿಸುಕಿದ್ದು, ಕೊಲ್ಲುವ ಬೆದರಿಕೆ, ಮನೆಯಲ್ಲಿ ಬಂದೂಕು ಮೊದಲಾದುವನ್ನು, ಜಾಕ್ವಲಿನ್ ಕ್ಯಾಂಬೆಲ್ ಎಂಬ ದಾದಿಶಾಸ್ತ್ರದ ಪ್ರಾಧ್ಯಾಪಕಿ ೧೯೮೦ರ ದಶಕದಲ್ಲಿಯೇ ಒಂದು ಪ್ರಶ್ನಾವಳಿಯಾಗಿ ರಚಿಸಿದ್ದರು. ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಬರಿಪೋರ್ಟ್–ಏಮ್ಸ್‌ಬರಿ ಪ್ರದೇಶದಲ್ಲಿ ೨೦೦೫ರಿಂದ ಪೊಲೀಸರೂ ಅಭಿಯೋಜಕರೂ ಆಸ್ಪತ್ರೆಯವರೂ ಸೇವಾಕೇಂದ್ರದವರೂ ಇಂಥ ಪ್ರಶ್ನಾವಳಿಯನ್ನು ಹಿಡಿದು, ಅಪಾಯ ಹೆಚ್ಚಿದ್ದ ಪ್ರಕರಣಗಳನ್ನು ಒಟ್ಟಿಗೆ ಕುಳಿತು ಪರಿಶೀಲಿಸತೊಡಗಿದರು. ೨೦೧೩ರಲ್ಲಿ ನ್ಯಾಯ ಇಲಾಖೆಯು ಇಂಥ ವಿಧಾನಗಳನ್ನು ಹನ್ನೆರಡು ಕಡೆಗಳಲ್ಲಿ ಆಚರಣೆಗೆ ತರುವುದಕ್ಕೆ ಅನುದಾನ ಕೊಟ್ಟಿತು.

೭

ಇಷ್ಟು ವೆಚ್ಚದಿಂದ ಹಿಂಸೆ ಕಡಮೆಯಾಯಿತೆ? ನ್ಯಾಯ ಇಲಾಖೆಯ ಅಂಕಿಗಳ ಪ್ರಕಾರ, ೧೯೯೪ರಲ್ಲಿ ಸಾವಿರ ಜನಕ್ಕೆ ೯.೮ರಷ್ಟಿದ್ದ ಸಂಗಾತಿಯ ಹಿಂಸೆಯ ಪ್ರಮಾಣ ೨೦೧೦ರ ವೇಳೆಗೆ ೩.೬ಕ್ಕೆ ಇಳಿಯಿತು, ನೂರಕ್ಕೆ ೬೪ರಷ್ಟು ಇಳಿಕೆ. ಆದರೆ ಅದೇ ಅವಧಿಯಲ್ಲಿ ಆ ದೇಶದ ಎಲ್ಲ ಬಗೆಯ ಹಿಂಸಾಪರಾಧಗಳೂ ಬಹುವಾಗಿ ಇಳಿದುವು. ಆದ್ದರಿಂದ ಈ ಇಳಿಕೆಯನ್ನೆಲ್ಲ ಅನುದಾನದ ಲೆಕ್ಕಕ್ಕೆ ಜಮಾ ಮಾಡುವುದು ಇತಿಹಾಸಕಾರನಿಗೆ ತಕ್ಕ ಎಚ್ಚರಿಕೆಯಲ್ಲ. ಅದಕ್ಕೆ ಯಾವ ಪಾಲೂ ಇಲ್ಲವೆನ್ನುವುದೂ ಅಷ್ಟೇ ಆತುರದ ಮಾತು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ೧೯೯೪ಕ್ಕೆ ಮೊದಲು ಕೆಲವೇ ಊರುಗಳಲ್ಲಿದ್ದ ತರಬೇತಿ, ಪ್ರತ್ಯೇಕ ಅಭಿಯೋಜಕರು, ಶುಲ್ಕವಿಲ್ಲದ ರಕ್ಷಣಾಜ್ಞೆ, ಉಚಿತ ವೈದ್ಯಪರೀಕ್ಷೆ ಇವು ಅನುದಾನದ ಷರತ್ತಿನಿಂದಾಗಿ ದೇಶದ ಸಾಮಾನ್ಯ ಪದ್ಧತಿಗಳಾದುವು.

ಅನುದಾನದ ಹೆಸರುಗಳೇ ಈ ಚರಿತ್ರೆಯನ್ನು ಸಂಗ್ರಹವಾಗಿ ಹೇಳುತ್ತವೆ. ೧೯೬೭ರಲ್ಲಿ ಕುಟುಂಬ ಕಲಹದ ಶಮನಕ್ಕೆ ಹಣ. ೧೯೯೬ರಲ್ಲಿ ದಸ್ತಗಿರಿಯ ಪ್ರೋತ್ಸಾಹಕ್ಕೆ. ೨೦೦೦ದಲ್ಲಿ ಅದಕ್ಕೆ ರಕ್ಷಣಾಜ್ಞೆಗಳ ಜಾರಿಯೂ ಸೇರಿತು. ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಿಂದ ಅದೇ ಅನುದಾನವು ‘ನ್ಯಾಯ ವ್ಯವಸ್ಥೆಯ ಪ್ರತಿಕ್ರಿಯೆಯ ಸುಧಾರಣೆ’ ಎಂಬ ಹೆಸರಿನಿಂದ ನಡೆಯಿತು. ಮೊದಲು ರಾಜಿ, ಬಳಿಕ ಬೇಡಿ, ಆಮೇಲೆ ಇವೆರಡೂ ಸಾಲವೆಂಬ ತಿಳಿವು. ಈ ತಿಳಿವಿಗೆ ಅರ್ಧ ಶತಮಾನ ಹಿಡಿಯಿತು.

ಅಂತೂ ಈ ಕಟ್ಟಡ ನಿಂತಿರುವುದು ವರ್ಷವರ್ಷದ ಆಯವ್ಯಯದ ಮೇಲೆ. ೨೦೧೧ರಲ್ಲಿ ಕಾಯಿದೆಯ ಅವಧಿ ತೀರಿ, ೨೦೧೩ರವರೆಗೆ ನವೀಕರಣವಾಗಲಿಲ್ಲ. ಮತ್ತೆ ಅವಧಿ ತೀರಿದಾಗ ೨೦೨೨ರ ಮಾರ್ಚ್ ತಿಂಗಳವರೆಗೆ ಕಾಯಬೇಕಾಯಿತು; ಆಗ ಅಂಕಿತ ಹಾಕಿದವರು, ಮೂವತ್ತೆರಡು ವರ್ಷಗಳ ಹಿಂದೆ ಮೊದಲ ಮಸೂದೆಯನ್ನು ಮಂಡಿಸಿದ್ದ ಬೈಡನ್ ಅವರೇ. ನಡುವಣ ವರ್ಷಗಳಲ್ಲಿಯೂ ಕಾಂಗ್ರೆಸ್ಸು ಹಣ ಒದಗಿಸುತ್ತಲೇ ಬಂದದ್ದು ನಿಜ. ೨೦೨೩ರ ಆರ್ಥಿಕ ವರ್ಷಕ್ಕೆ ಈ ಕಚೇರಿಗೆ ೭೦ ಕೋಟಿ ಡಾಲರು ಗೊತ್ತಾಯಿತು. ಆದರೆ ಒದಗಿಸಿದವರು ಒದಗಿಸದೆಯೂ ಇರಬಹುದು. ೧೯೮೧ರಲ್ಲಿ ಒಂದು ಕಚೇರಿ ಮುಚ್ಚಿದ್ದನ್ನು ಈ ಚರಿತ್ರೆಯನ್ನು ಓದುವವರು ಮರೆಯಲಾಗದು.

ಅನುದಾನವು ಅಧಿಕಾರಸ್ಥರ ಕೈಯನ್ನು ತಿದ್ದಿತು, ಕೆಲವರ ಮನಸ್ಸನ್ನೂ ತಿದ್ದಿತು. ಕಾಯಿದೆಯ ಪುಸ್ತಕದಲ್ಲಿ ಸತ್ತಂತಿದ್ದ ನಿಷೇಧಕ್ಕೆ ಠಾಣೆಯಲ್ಲಿ ಜೀವ ಬಂತು. ಇಷ್ಟು ಅಲ್ಪಸಾಧನೆಯಲ್ಲ. ಆದರೆ ಕ್ಯಾಸಲ್ ರಾಕ್ ಪಟ್ಟಣದ ತಾಯಿ ಆ ರಾತ್ರಿ ಕೇಳಿದ್ದು ಅನುದಾನವನ್ನಲ್ಲ. ಕಾಯಿದೆಯು ತನಗೆ ಕೊಟ್ಟಿದೆಯೆಂದು ಆಕೆ ನಂಬಿದ್ದ ರಕ್ಷಣೆಯನ್ನು. ೧೮೭೪ರ ನ್ಯಾಯಾಲಯವು ಎಳೆದ ತೆರೆಯನ್ನು ಸರಿಸುವುದಕ್ಕೆ ಹಣ ಸಾಕಾಯಿತು. ತೆರೆ ಸರಿದ ಮೇಲೆ ಒಳಗಿದ್ದವಳು, ‘ನನ್ನನ್ನು ಕಾಪಾಡುವುದು ನಿಮ್ಮ ಕರ್ತವ್ಯ’ ಎಂದು ಕೇಳಿ ಪಡೆಯುವ ಹಕ್ಕನ್ನು ಆ ದೇಶದ ಸಂವಿಧಾನದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಣಲಿಲ್ಲ. ಅನುದಾನಗಳ ಲೆಕ್ಕವನ್ನು ಓದುವ ವಿದ್ಯಾರ್ಥಿಯು ಕೂಡಿಸಿದ ಮೊತ್ತದ ಜೊತೆಗೆ ಈ ಬಾಕಿಯನ್ನೂ ಗಮನಿಸತಕ್ಕದ್ದು.